ತೊಳೆದಿಟ್ಟ ಮುನ್ನೂರು ಗುಂಡು

ಕಲ್ಲಯ್ಯನವರನ್ನು ನಾನು ಮೊದಲ ಸಲ ನೋಡಿದ್ದು 1991ರಲ್ಲಿ. ಇಷ್ಟಪಟ್ಟು ಹೋಗಿ ನೋಡಿದ್ದಲ್ಲ. ಆಗ ನಾನು ನಂಜನಗೂಡು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಬೇರೆ ಯಾರಿಗೂ ಬೇಡವಾದ ಬಂದೂಕು ಪರವಾನಗಿಯ ಕಡತಗಳನ್ನು ನನ್ನ ತಲೆಗೆ ಕಟ್ಟಿದ್ದರು. ವರ್ಷಕ್ಕೊಮ್ಮೆ ಬಂದೂಕು ರಿಪೇರಿ ಅಂಗಡಿಗೆ ಹೋಗಿ, ಅಲ್ಲಿನ ರಿಜಿಸ್ಟರ್ ತಿರುವಿ ಹಾಕಿ, ‘ಎಲ್ಲ ಸರಿಯಾಗಿದೆ’ ಎಂದು ಷರಾ ಬರೆದು ಬರುವುದು ಆ ಕೆಲಸದ ಒಂದು ಭಾಗ. ಏಪ್ರಿಲ್ ಬಿಸಿಲಿನಲ್ಲಿ ತಹಸೀಲ್ದಾರರನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಹೋದೆ. ಅಂಗಡಿ ಬಜಾರಿನ ಹಿಂದಿನ ಸಂದಿಯಲ್ಲಿತ್ತು. ಒಳಗೆ ಕಾಲಿಟ್ಟರೆ ಜೇನುಮೇಣ ಮತ್ತು ಹರಳೆಣ್ಣೆ ಕಾಯಿಸಿದ ವಾಸನೆ.

ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೊರಳಲ್ಲಿ ಲಿಂಗ, ಮೂಗಿನ ತುದಿಗೆ ಜಾರಿದ ದಪ್ಪ ಕನ್ನಡಕ. ಕವಲಂದೆ ಕಡೆಯ ರೈತರು ಬೆಳೆಗೆ ಬೀಳುವ ಹಂದಿ ಓಡಿಸಲು ಇಟ್ಟುಕೊಂಡ ಹಳೇ ಕೋವಿಗಳನ್ನು ರಿಪೇರಿ ಮಾಡುವುದು ಅವರ ಹೊಟ್ಟೆಪಾಡು. ನಾನು ಹೋದಾಗ ಅವರ ಎದುರು ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ದಪ್ಪ ಮೀಸೆ, ಮುಖದ ತುಂಬ ಸಿಟ್ಟು. ಟಿ. ನರಸೀಪುರದ ರವಿಚಂದ್ರ, ಎಲ್ಲರ ಬಾಯಲ್ಲಿ ಗೌಡರು. ನಾಲೆ ಬಯಲಿನಲ್ಲಿ ಭತ್ತ, ಕಬ್ಬು ಬೆಳೆಯುವ ಮನೆತನ. ಮೈಸೂರಿನ ರೈಫಲ್ ಕ್ಲಬ್ಬಿಗೆ ಸೇರಿ ಪಿಸ್ತೂಲಿನ ಗುರಿ ಸ್ಪರ್ಧೆಗೆ ಹೋಗುತ್ತಿದ್ದರು. ಮೇಜಿನ ಮೇಲೆ ಅವರ ಗುರಿಯ ಕಾಗದ ಹರಡಿತ್ತು.

“ನೋಡಿ ಕಲ್ಲಯ್ಯನೋರೆ, ಇದು ಒಂಬತ್ತೋ ಹತ್ತೋ? ಆ ಜಡ್ಜು ಒಂಬತ್ತು ಅಂತ ಬರ್ಕೊಂಡ್ಬುಟ್ಟ.”

ಕಲ್ಲಯ್ಯನವರು ಕಾಗದವನ್ನು ಬೆಳಕಿಗೆ ಹಿಡಿದರು. ತೂತಿನ ಅಂಚು ಇಲಿ ಕಡಿದ ಹಾಗೆ ಹರಿದಿತ್ತು.

“ಜಡ್ಜಂದು ತಪ್ಪಿಲ್ಲ ಗೌಡ್ರೆ. ನೀವು ಆಕಿರೋದು ದುಂಡ್ ಮೂತಿ ಗುಂಡು. ಅದು ಪೇಪರ್ನ ಕುಯ್ಯಕಿಲ್ಲ, ತಳ್ಕೊಂಡು ಅರ್ಕೊಂಡು ಓಯ್ತದೆ. ಗೆರೆ ಮುಟ್ತೋ ಇಲ್ವೋ ಅವ್ನಾದ್ರೂ ಎಂಗ್ ಏಳಾನು? ಮೂತಿ ಚಪ್ಪಟೆ ಇರ್ಬೇಕು. ಬಿಲ್ಲೆ ಕತ್ತರಿಸ್ದಂಗೆ ಬೀಳ್ತದೆ.”

“ತಾಮ್ರದ ಕವಚ ಇರೋದು ಬತ್ತದಲ್ಲ, ಅದು?”

“ಅದ್ನ ಸ್ಪರ್ಧೇಲಿ ಬಿಡಕಿಲ್ಲ. ಬಿಟ್ರೂ ನಿಮ್ ನಳಿಗೆಗೆ ಬ್ಯಾಡ. ಬರೀ ಸೀಸ ಸಾಕು. ನಾನೇ ಎರಕ ಒಯ್ದು ಕೊಡ್ತೀನಿ.”

ಹಾಗೆ ಶುರುವಾಯಿತು. ಹಿತ್ತಾಳೆ ಕೊಳವೆಗೆ ಮದ್ದು, ಗುಂಡು ಸೇರಿಸಿ ಕಾಟ್ರಿಜ್ ತುಂಬುವ ಕೆಲಸವೆಲ್ಲ ಕ್ಲಬ್ಬಿನಲ್ಲಿ, ಅಲ್ಲಿನ ಕಾರ್ಯದರ್ಶಿಯ ಕಣ್ಣೆದುರು, ಕ್ಲಬ್ಬಿನ ಪರವಾನಗಿಯಲ್ಲಿ ಗೌಡರೇ ಮಾಡಿಕೊಳ್ಳುತ್ತಿದ್ದರು. ಕಲ್ಲಯ್ಯನವರದು ಅದರ ಮೂತಿ, ಅಂದರೆ ಸೀಸದ ಗುಂಡು ಮಾತ್ರ. ಗುಜರಿಯಿಂದ ಬಂದ ಹಳೇ ಟೆಲಿಫೋನ್ ಕೇಬಲ್ಲಿನ ಸೀಸದ ಕವಚ, ಕಲಾಯಿಯವನಿಂದ ಒಂದು ಚೂರು ತವರ, ಎರಡನ್ನೂ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಆಮೇಲೆ ಒಂದೊಂದನ್ನೂ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಮತ್ತೆ ಬಾಣಲೆಗೆ. ನೂರು ಹೊಯ್ದರೆ ಅರವತ್ತು ಉಳಿಯುತ್ತಿತ್ತು. ಹೆಣ್ಣು ನೋಡಲು ಹೋದವರೂ ಇಷ್ಟು ಕೊಂಕು ತೆಗೆಯುವುದಿಲ್ಲ ಎಂದು ನಾನು ಗೇಲಿ ಮಾಡಿದರೆ, “ಎಣ್ಣಾದ್ರೆ ಒಂದೇ ಸಲ ನೋಡೋದು ಸೋಮಣ್ಣೋರೆ, ಇದು ಅರವತ್ತು ಸಲ” ಎನ್ನುತ್ತಿದ್ದರು. ಒಂದು ಸ್ಪರ್ಧೆಗೆ ಅರವತ್ತು ಗುಂಡು.

ಕೊನೆಯ ಕೆಲಸ ಮೇಣ. ಗುಂಡಿನ ಸುತ್ತ ಕೊರೆದ ಸಣ್ಣ ಕಾಲುವೆಗೆ ಬೆರಳಿನಿಂದ ಮೇಣ ತುಂಬಬೇಕು. ಅದಿಲ್ಲದಿದ್ದರೆ ಸೀಸ ನಳಿಗೆಯ ಒಳಗೆ ಕಿತ್ತುಕೊಂಡು ಅಂಟುತ್ತದೆ, ಮುಂದಿನ ಗುಂಡು ದಾರಿ ತಪ್ಪುತ್ತದೆ. ಯಾವುದೋ ಹಳೇ ಪುಸ್ತಕದಲ್ಲಿ ಪ್ರಾಣಿಯ ಕೊಬ್ಬು ಬೆರೆಸಬೇಕೆಂದು ಬರೆದಿತ್ತಂತೆ. “ನಮ್ಮನೇಗೆ ಕೊಬ್ಬು ತಂದ್ರೆ ನಮ್ಮವ್ಳು ನನ್ನೇ ಆಚೆಗಾಕ್ತಾಳೆ” ಎಂದು ಕಲ್ಲಯ್ಯನವರು ಜೇನುಮೇಣಕ್ಕೆ ಹರಳೆಣ್ಣೆ ಬೆರೆಸಿ ತಮ್ಮದೇ ಹದ ಕಂಡುಕೊಂಡಿದ್ದರು. ಮೇಣ ಹಚ್ಚಿದ ಗುಂಡು ನೋಡಲು ಚೆಂದವಿಲ್ಲ. ಬೂದು ಬಣ್ಣ, ಅಂಟು ಅಂಟು, ಮೇಲೆ ಧೂಳು.

1994ರಲ್ಲಿ ಗೌಡರು ರಾಜ್ಯ ಮಟ್ಟದಲ್ಲಿ ಮೂರನೆಯವರಾದರು. ಆ ದಿನದ ಗುರಿಕಾಗದವನ್ನು ಕಟ್ಟು ಹಾಕಿಸಿ ತಂದು ಕಲ್ಲಯ್ಯನವರ ಅಂಗಡಿಯ ಗೋಡೆಗೆ ತಾವೇ ಮೊಳೆ ಹೊಡೆದು ತೂಗುಹಾಕಿದರು. ಕಾಫಿ ಕುಡಿಯುತ್ತಾ ಅವರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. “ನಮ್ಮಪ್ಪಂಗೆ ಐವತ್ತಕ್ಕೆ ಕೈ ನಡುಕ ಶುರುವಾಯ್ತು. ಕೊನೇಗೆ ತುತ್ತು ಬಾಯಿಗಾಕ್ಕಳಕ್ಕೂ ಆಗ್ತಿರ್ಲಿಲ್ಲ, ನಮ್ಮವ್ವ ತಿನ್ನಿಸ್ತಿದ್ಲು. ನಾನು ಪಿಸ್ತೂಲ್ ಇಡ್ಕಂಡಿರೋದು ಕಪ್ ಗೆಲ್ಲಕ್ಕಲ್ಲ ಕಣ್ರೀ. ಗುಂಡೆಲ್ಲ ಒಂದೇ ಕಡೆ ಬಿದ್ರೆ, ಸದ್ಯ, ಇನ್ನೂ ನಂಗ್ ಬಂದಿಲ್ಲ ಅಂತ ಆ ವರ್ಷ ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ.”

ಕಲ್ಲಯ್ಯನವರು ತಕ್ಕಡಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವತ್ತಿನಿಂದ ನೂರಕ್ಕೆ ಐವತ್ತು ಗುಂಡು ಮಾತ್ರ ಪಾಸಾಗತೊಡಗಿದವು.

ವರ್ಷಗಳು ಹೋದವು. ಆಗಲೇ ಯಾವುದೋ ಹೊತ್ತಿನಲ್ಲಿ ಕಲ್ಲಯ್ಯನವರು ದಣಿಯಲು ಶುರುಮಾಡಿದ್ದಿರಬೇಕು. ಮಾತಿನ ಮಧ್ಯೆ ಗೋಡೆಗೆ ಒರಗುತ್ತಿದ್ದರು. ಊಟ ಬೇಡ ಎನ್ನುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ಬಗ್ಗಿ ಕೂರುತ್ತಿದ್ದರು. ನಕ್ಕಾಗ ವಸಡಿನ ಅಂಚಿನಲ್ಲಿ ನೀಲಿ ಗೆರೆಯೊಂದು ಕಾಣುತ್ತಿತ್ತು. ಎಲೆ ಅಡಿಕೆ ಹಾಕಿ ಹಾಕಿ ಹೀಗಾಗಿದೆ ಎಂದುಕೊಂಡೆ. ಅವರು ಎಲೆ ಅಡಿಕೆ ಹಾಕುವವರೇ ಅಲ್ಲ ಎಂಬುದು ಗೊತ್ತಿದ್ದೂ ಹಾಗೆ ಅಂದುಕೊಂಡೆ; ನನ್ನ ಬುದ್ಧಿ ಅಷ್ಟು ಚುರುಕು. ಕ್ಲಬ್ಬಿನವರು ವಿದೇಶದಿಂದ ಯಂತ್ರದಲ್ಲಿ ಒತ್ತಿದ ಗುಂಡಿನ ಪ್ಯಾಕೆಟ್ಟು ತರಿಸಲು ಶುರುಮಾಡಿದರು. ಗೌಡರು ಒಂದು ಪ್ಯಾಕೆಟ್ಟು ತಂದು ತೋರಿಸಿದಾಗ ಕಲ್ಲಯ್ಯನವರು ಒಂದನ್ನು ಎತ್ತಿ ಮೂಸಿ ಕೆಳಗಿಟ್ಟರು. “ಊರೋರ್ಗೆಲ್ಲ ಒಂದೇ ಅಳ್ತೆ ಚಪ್ಲಿ. ನಿಮ್ ನಳಿಗೆ ಅಳ್ತೆ ಇವ್ನಿಗೇನ್ ಗೊತ್ತು?” ಗೌಡರು ನಕ್ಕು ಪ್ಯಾಕೆಟ್ಟನ್ನು ಜೇಬಿಗೆ ಹಾಕಿಕೊಂಡರು.

1999ರಲ್ಲಿ ನನಗೆ ಟಿ. ನರಸೀಪುರಕ್ಕೆ ವರ್ಗವಾಯಿತು. ಹೋದಲ್ಲೂ ಬಂದೂಕಿನ ಕಡತಗಳು ಬೆನ್ನು ಬಿಡಲಿಲ್ಲ. ಮನೆ ನಂಜನಗೂಡಿನಲ್ಲೇ ಇದ್ದುದರಿಂದ ದಿನಾ ಬಸ್ಸು. ಸಂಜೆ ಇಳಿದು ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಸ್ವಲ್ಪ ಕೂರುವುದು ರೂಢಿಯಾಗಿತ್ತು. ಇಬ್ಬರಿಗೂ ಮಾತಾಡುವಷ್ಟು ಚೈತನ್ಯ ಇರುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದೆವು.

ಆಯುಧಪೂಜೆಯ ದಿನ ಮಾತ್ರ ಕಲ್ಲಯ್ಯನವರ ಮನೆ ತುಂಬುತ್ತಿತ್ತು. ಪರವಾನಗಿ ಇದ್ದವರೆಲ್ಲ ಕೋವಿ ತಂದು ಅವರ ನಡುಮನೆಯಲ್ಲಿ ಸಾಲಾಗಿ ಇಟ್ಟು ಪೂಜೆ ಮಾಡಿಸಿಕೊಂಡು ಹೋಗುತ್ತಿದ್ದರು. ಗೌಡರ ಪಿಸ್ತೂಲಿಗೆ ಪಕ್ಕದಲ್ಲಿ ಒಂದು ಮಣೆ, ಮಣೆಯ ಮೇಲೆ ಆ ವರ್ಷದ ಗುಂಡುಗಳ ರಾಶಿ. 2001ರಲ್ಲಿ ಮುಂದಿನ ವಾರವೇ ರಾಜ್ಯ ಸ್ಪರ್ಧೆ ಇತ್ತು. ಮುನ್ನೂರು ಗುಂಡು ಮೇಣ ಹಚ್ಚಿಸಿಕೊಂಡು ಸಿದ್ಧವಾಗಿದ್ದವು.

ಅವತ್ತು ಬೆಳಿಗ್ಗೆ ನಾನು ಹೋದಾಗ ಕಲ್ಲಯ್ಯನವರು ಹೊಳೆಯಲ್ಲಿ ಸ್ನಾನ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದರು. ಅವರ ಹೆಂಡತಿ ಗುರುಬಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಿತ್ತಲಿನಿಂದ ಬಂದರು. ಮುಖ ಅರಳಿತ್ತು.

“ನೋಡ್ಬನ್ನಿ, ನಿಮ್ ಗುಂಡು ಎಂಗಾಗವೆ! ದೇವ್ರ ಮುಂದೆ ಇಕ್ಕೋ ವಸ್ತು, ಜಿಡ್ಡು ಜಿಡ್ಡಾಗಿ ಅಂಗೇ ಇಕ್ಕದಾ? ಬಿಸ್ನೀರಾಕಿ ಸೀಗೇಪುಡೀಲಿ ಒಂದೊಂದೇ ಉಜ್ದೆ. ಬೆಳಗ್ಗೆ ನಾಕಕ್ಕೆ ಎದ್ದಿವ್ನಿ.”

ಬಿದಿರು ಮೊರದಲ್ಲಿ ಮುನ್ನೂರು ಗುಂಡು ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತಿದ್ದವು. ದೇವರ ಸಾಮಾನು ಬೆಳಗುವಷ್ಟೇ ಶ್ರದ್ಧೆಯಿಂದ ಬೆಳಗಿದ್ದರು. ಕಾಲುವೆಗಳಲ್ಲಿ ಒಂದು ಎಳೆ ಮೇಣ ಉಳಿದಿರಲಿಲ್ಲ. ಕಲ್ಲಯ್ಯನವರು ಮೊರದ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಒಂದನ್ನು ಎತ್ತಿಕೊಳ್ಳಲು ಹೋದರು, ಬೆರಳಿನಿಂದ ಜಾರಿತು. ಹೆಂಡತಿಯ ಮುಖ ನೋಡಿದರು.

“ಚೆನ್ನಾಗವೆ ಕಣಮ್ಮಿ” ಎಂದರು.

ಆ ಮಾತಿನ ಭಾರ ನನಗೆ ಆಗ ತಿಳಿಯಲಿಲ್ಲ. ಚಿತ್ರಾನ್ನ ತಿಂದು ಮನೆಗೆ ಹೋದೆ.

ಮೂರು ತಿಂಗಳ ಮೇಲೆ, 2002ರ ಜನವರಿಯಲ್ಲಿ, ರವಿಚಂದ್ರ ನರಸೀಪುರದ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಅರ್ಜಿ ಇಟ್ಟರು. ಕೈ ನಡುಕದ ಕಾರಣ ಪಿಸ್ತೂಲನ್ನೂ ಪರವಾನಗಿಯನ್ನೂ ಸರ್ಕಾರಕ್ಕೆ ಒಪ್ಪಿಸುತ್ತೇನೆ ಎಂದು ಬರೆದಿತ್ತು. ಮೀಸೆ ಇಳಿದಿತ್ತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಸಹಿ ಮಾಡಿದರು. ನಾನು ನೋಡಿದ ಮಟ್ಟಿಗೆ ಕೈ ಅಲುಗುತ್ತಿರಲಿಲ್ಲ.

“ಏನಾಯ್ತು ಗೌಡ್ರೆ?”

“ಬಂತು ಕಣ್ರೀ, ಅಪ್ಪಂದು. ಸ್ಪರ್ಧೇಲಿ ಮೊದಲ್ನೇ ಹತ್ತು ಗುಂಡು ಚೆನ್ನಾಗಿ ಬಿದ್ವು. ಆಮ್ಯಾಕೆ ಎಲ್ಲೆಲ್ಲೋ. ಕೊನೇಲಿ ಪೇಪರ್ಗೇ ಬೀಳ್ಲಿಲ್ಲ. ಕಲ್ಲಯ್ಯನೋರ ಗುಂಡು ಸುಳ್ಳೇಳಕಿಲ್ಲ, ಹತ್ತು ವರ್ಷ ನೋಡಿವ್ನಿ. ಕೈಯೇ ಓಗದೆ.”

ಮೋಟರ್‌ಸೈಕಲ್ ಬಿಟ್ಟಿದ್ದರು. ಗಡ್ಡ ಹೆರೆಸಿಕೊಳ್ಳಲು ಕ್ಷೌರದ ಅಂಗಡಿಗೆ ಹೋಗುತ್ತಿದ್ದರು. ಕಾಫಿ ಲೋಟ ಅರ್ಧ ಮಾತ್ರ ತುಂಬಿಸಿ ಅಂತ ಮನೆಯಲ್ಲಿ ಹೇಳಿದ್ದರಂತೆ. ಮೈಸೂರಿನ ಡಾಕ್ಟರು ಏನೂ ಇಲ್ಲ ಅಂದದ್ದನ್ನೂ ನಂಬಿರಲಿಲ್ಲ. ಅವರಪ್ಪನಿಗೂ ಮೊದಲು ಹಾಗೇ ಹೇಳಿದ್ದರಂತೆ.

ಸಂಜೆ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಕಲ್ಲಯ್ಯನವರಿಗೆ ಹೇಳಿದೆ. ಅವರು ಎದ್ದು ಒಳಗಿನಿಂದ ಒಂದು ಬೆಂಕಿಪೊಟ್ಟಣ ತಂದು ನನ್ನ ಅಂಗೈ ಮೇಲಿಟ್ಟು ತೆರೆಯಲು ಹೇಳಿದರು. ಒಳಗೆ ತೆಳ್ಳನೆಯ ಸೀಸದ ಚಕ್ಕೆಗಳಿದ್ದವು.

“ಸ್ಪರ್ಧೆ ಮುಗುದ್ಮೇಲೆ ಕಿಲೀನ್ ಮಾಡಕ್ಕೆ ಅಂತ ಪಿಸ್ತೂಲ್ ಕೊಟ್ಟಿದ್ರು. ನಳಿಗೆ ಒಳ್ಗಿಂದ ಕೆರ್ದು ತಗ್ದಿದ್ದು ಇದು. ಮೇಣ ಇರ್ಲಿಲ್ಲ ಸೋಮಣ್ಣೋರೆ. ನೀವೂ ನೋಡುದ್ರಲ್ಲ, ಅಬ್ಬದ ದಿನ.”

“ಮತ್ತೆ ಅದನ್ನ ಹಚ್ಚಲಿಲ್ವೆ?”

“ಅಚ್ಚಕ್ಕೆ ಕೂತೆ. ಇಪ್ಪತ್ತು ಆಯ್ತು. ಮಣಿಕಟ್ಟು ಎತ್ತಕ್ಕೇ ಆಗ್ಲಿಲ್ಲ, ಗುಂಡು ಬೆರಳಲ್ಲಿ ನಿಲ್ಲಾಕಿಲ್ಲ. ಸಾಕಾಗೋಯ್ತು. ಸಾಕಾಗೋಗಿತ್ತು ನಂಗೆ. ಅಬ್ಬಕ್ಕೆ ಬರಕ್ಕಾಗ್ದೆ ಮಾರ್ನೇ ದಿನ ಗೌಡ್ರು ಬಂದು, ಇದೇನು ಮೇಣಾನೇ ಕಾಣ್ದು ಅಂದ್ರು. ಈ ಸಲ ಒಸಾ ತರದ್ದು, ಕಣ್ಣಿಗೆ ಕಾಣಾಕಿಲ್ಲ ಅಂದ್ಬುಟ್ಟೆ.” ನನ್ನ ಅಂಗೈಯ ಪೊಟ್ಟಣವನ್ನೇ ನೋಡಿದರು. “ನಂಬುದ್ರು.”

ಹಿಂದಿನ ತಿಂಗಳಷ್ಟೇ ದೊಡ್ಡಾಸ್ಪತ್ರೆಯವರು ಅವರ ರಕ್ತ ಪರೀಕ್ಷೆ ಮಾಡಿಸಿ, ಇಷ್ಟು ವರ್ಷದ ಸೀಸದ ಹೊಗೆ ಮೈಯೆಲ್ಲ ಸೇರಿದೆ, ಇನ್ನು ಬಾಣಲೆಯ ಹತ್ತಿರ ಹೋಗಬೇಡಿ ಎಂದಿದ್ದರು. ಹೊಟ್ಟೆನೋವಿಗೂ ವಸಡಿನ ನೀಲಿ ಗೆರೆಗೂ ಕೈಯ ಬಲ ಹೋದದ್ದಕ್ಕೂ ಅದೇ ಕಾರಣವಂತೆ. ಇದೆಲ್ಲ ಗೊತ್ತಿದ್ದ ನಾನು ಕೊಟ್ಟ ಸಲಹೆಯನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

“ಬಿಟ್ಟುಬಿಡಿ ಕಲ್ಲಯ್ಯನೋರೆ. ನೀವೂ ಇನ್ನು ಎರಕ ಹೊಯ್ಯೋ ಹಾಗಿಲ್ಲ. ಅವರೂ ಪಿಸ್ತೂಲು ಬಿಡ್ತಿದ್ದಾರೆ. ಇಬ್ಬರದೂ ಒಟ್ಟಿಗೇ ಮುಗೀಲಿ. ಈ ವಯಸ್ಸಲ್ಲಿ ಹೆಸರು ಯಾಕೆ ಕೆಡಿಸ್ಕೋತೀರಿ?”

ಮೂವತ್ತು ವರ್ಷ ಕಡತ ಕಟ್ಟಿ ಬಿಚ್ಚಿ ಬಂದ ಬುದ್ಧಿ ಅದು. ಮುಚ್ಚಬಹುದಾದದ್ದನ್ನು ಮುಚ್ಚಿಬಿಟ್ಟರೆ ಸಂಜೆ ಐದೂವರೆಯ ಬಸ್ಸು ಸಿಗುತ್ತದೆ.

ಕಲ್ಲಯ್ಯನವರು ಬೆಂಕಿಪೊಟ್ಟಣವನ್ನು ವಾಪಸ್ಸು ತೆಗೆದುಕೊಂಡರು. “ನನ್ನ ಕಾಯ್ಲೆ ನಿಜ್ವಾದ್ದು. ಅವ್ರುದ್ದು ನಾನ್ ಕೊಟ್ಟಿದ್ದು” ಎಂದರು. “ನಾಳೆ ನಿಮ್ ಬಸ್ಗೆ ನಾನೂ ಬತ್ತೀನಿ.”

ಬೆಳಗಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ದಾರಿ ನಡುವಿನ ಹದಿನಾರು ಎಂಬ ಊರು ಬರುವವರೆಗೆ ನಿಂತೇ ಬಂದರು. ಮೇಲಿನ ಕಂಬಿ ಹಿಡಿಯಲು ಕೈ ಏಳುತ್ತಿರಲಿಲ್ಲ, ಸೀಟಿನ ಬೆನ್ನಿಗೆ ತೊಡೆ ಒತ್ತಿ ನಿಂತಿದ್ದರು. ದಾರಿಯಲ್ಲಿ ಒಂದೇ ಮಾತು ಆಡಿದ್ದು. “ನಮ್ಮವ್ಳು ಮಾಡಿದ್ದು ಅಂತ ನೀವು ಬಾಯ್ಬಿಡಂಗಿಲ್ಲ.”

ಗೌಡರು ಜಗಲಿಯ ಮೇಲೆ ಕೂತಿದ್ದರು, ಎದುರಿಗೆ ಅರ್ಧ ಲೋಟ ಕಾಫಿ. ಕಲ್ಲಯ್ಯನವರು ನಿಂತುಕೊಂಡೇ ಬೆಂಕಿಪೊಟ್ಟಣ ತೆರೆದು ಅವರ ಪಕ್ಕದಲ್ಲಿಟ್ಟರು.

“ಇದು ನಿಮ್ ನಳಿಗೇಲಿ ಇದ್ದದ್ದು ಗೌಡ್ರೆ. ಗುಂಡ್ಗೆ ಮೇಣ ಇರ್ಲಿಲ್ಲ. ಒಸಾದು ಅಂತ ಸುಳ್ಳೇಳ್ದೆ. ನಿಮ್ ಕೈ ಚೆನ್ನಾಗದೆ.”

ರವಿಚಂದ್ರ ಚಕ್ಕೆಗಳನ್ನು ನೋಡಿದರು, ಇವರನ್ನು ನೋಡಿದರು. “ಮೇಣ ಎಲ್ಲೋಯ್ತು?”

“ತೊಳ್ದ್ಬುಟ್ಟೆ.”

“ಯಾರು?”

“ನಾನೇ. ಅಬ್ಬ ಅಂತ. ಬುದ್ಧಿ ನೆಟ್ಟಗಿರ್ಲಿಲ್ಲ.”

ಗೌಡರು ಎದ್ದು ನಿಂತರು. ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. “ಮೂರು ತಿಂಗ್ಳು ಕಲ್ಲಯ್ಯನೋರೆ! ಮೂರು ತಿಂಗ್ಳು ನಾನು ತಟ್ಟೆ ಮುಂದೆ ಕೂತು ಕೈ ನೋಡ್ಕೊಂಡು ಅತ್ತಿವ್ನಿ. ನನ್ ಎಂಡ್ರು ತಿನ್ನಿಸ್ಲಾ ಅಂದ್ಳು. ಗೊತ್ತಿದ್ದೂ ಬಾಯ್ ಮುಚ್ಕೊಂಡಿದ್ರಲ್ಲ!”

ಕಲ್ಲಯ್ಯನವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ, “ಭಾನ್ವಾರ ಕ್ಲಬ್ಬಿಗೆ ಬನ್ನಿ. ಅಳೇ ಎರಕದ್ದು, ಮೇಣ ಇರೋದು ಅತ್ತು ಗುಂಡು ಡಬ್ಬೀಲಿ ಉಳಿದವೆ. ಅದ್ನ ಒಡೀರಿ. ಆಮೇಲೆ ನನ್ ಮುಖ ನೋಡ್ಬ್ಯಾಡಿ” ಎಂದು ಹೊರಟೇಬಿಟ್ಟರು. ಕಾಫಿಯನ್ನೂ ಕುಡಿಯಲಿಲ್ಲ, ಕೂರಲೂ ಇಲ್ಲ.

ಅರ್ಜಿಯನ್ನು ನಾನು ಭಾನುವಾರದವರೆಗೆ ಕಡತಗಳ ಅಡಿಯಲ್ಲಿ ಸೇರಿಸಿಟ್ಟೆ. ಈ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಒಂದು ಸಲವಾದರೂ ಒಳ್ಳೆಯದಕ್ಕೆ ಬಂತು.

ಭಾನುವಾರ ಮೈಸೂರಿನ ಕ್ಲಬ್ಬಿನಲ್ಲಿ ಹತ್ತು ಗುಂಡಿಗೂ ಕಾಟ್ರಿಜ್ ಸಿದ್ಧವಾಯಿತು. ಗೌಡರು ಯಾರ ಜೊತೆಯೂ ಮಾತಾಡದೆ ನಿಂತು ಹೊಡೆದರು. ಕಾರ್ಯದರ್ಶಿ ಹೋಗಿ ಗುರಿಕಾಗದ ತಂದು ಹತ್ತಿರ ನಿಂತಿದ್ದ ಕಲ್ಲಯ್ಯನವರ ಕೈಗೆ ಕೊಟ್ಟರು. ನಡುವಿನ ಕಪ್ಪಿನಲ್ಲಿ ಒಂದರ ಮೇಲೊಂದು ಬಿದ್ದ ತೂತುಗಳು, ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಕಲ್ಲಯ್ಯನವರು ಅದನ್ನು ಗೌಡರತ್ತ ಚಾಚಲು ಹೋದರು. ಕೈ ಮುಂದೆ ಬಂತು, ಮಣಿಕಟ್ಟು ಏಳಲಿಲ್ಲ. ಬಾಡಿದ ಎಲೆಯ ಹಾಗೆ ಕೆಳಕ್ಕೆ ತೂಗಿತು, ಕಾಗದ ನೆಲಕ್ಕೆ ಬಿತ್ತು.

ಗೌಡರು ಕಾಗದ ಎತ್ತಿಕೊಳ್ಳಲಿಲ್ಲ. ಆ ಕೈಯನ್ನೇ ನೋಡುತ್ತಾ ನಿಂತರು.

“ಇದೇನು ಕಲ್ಲಯ್ಯನೋರೆ?”

“ಸೀಸ” ಎಂದರು ಕಲ್ಲಯ್ಯನವರು.

ಗೌಡರು ಕೇಳಿದರು. “ಇನ್ಮ್ಯಾಕೆ ನಾನು ಯಾವ್ದು ಆಕ್ಲಿ?”

ಹತ್ತು ವರ್ಷ ತೂಗಿ, ಮೂಸಿ, ಕೊಂಕು ತೆಗೆದ ಮನುಷ್ಯ ಒಂದು ಕ್ಷಣ ಕಣ್ಣು ಮುಚ್ಚಿದರು. “ಪ್ಯಾಕೆಟ್ಟಿಂದೇ ತಗಳ್ಳಿ ಗೌಡ್ರೆ. ಮೂತಿ ಚಪ್ಪಟೆ ಇರೋದು ನೋಡಿ ತಗಳ್ಳಿ. ಬ್ಯಾರೆ ಯಾರ್ ಕೈಲೂ ಎರಕ ಒಯ್ಸಬ್ಯಾಡಿ.”

ಅರ್ಜಿಯನ್ನು ಗೌಡರು ವಾಪಸ್ಸು ಪಡೆದರು. ಆದರೆ ನಂಜನಗೂಡಿನ ಕಡೆ ಸುಳಿಯಲಿಲ್ಲ. ಕೈಯ ಬಗ್ಗೆ ಮರುಕವಿತ್ತು, ಸುಳ್ಳಿನ ಬಗ್ಗೆ ಸಿಟ್ಟು ಇಳಿದಿರಲಿಲ್ಲ. ಕಚೇರಿಯಲ್ಲಿ ಸಿಕ್ಕಾಗಲೆಲ್ಲ ಅದೇ ಪ್ರಶ್ನೆ. “ಅಂಥಾ ಮನುಷ್ಯ ಮೇಣ ಯಾಕೆ ತೊಳ್ದ ಅಂತ ನಂಗಿನ್ನೂ ತಿಳೀದು ಕಣ್ರೀ.” ನನ್ನ ನಾಲಗೆ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಕಲ್ಲಯ್ಯನವರು ಅಂಗಡಿ ಮುಚ್ಚಿದರು. ಆ ವರ್ಷವೆಲ್ಲ ಬೆಂಚಿನ ಮೇಲೆ ನಾನೊಬ್ಬನೇ ಒಂದಷ್ಟು ಹೊತ್ತು ಕೂತು, ಬೇಸರವಾಗಿ ಎದ್ದು ಹೋಗುತ್ತಿದ್ದೆ.

ಮತ್ತೆ ಆಯುಧಪೂಜೆ ಬಂತು. ಅಂಗಡಿ ಇಲ್ಲದಿದ್ದರೂ ನಾಲ್ಕಾರು ಜನ ಹಳಬರು ಕೋವಿ ತಂದಿದ್ದರು. ಕಲ್ಲಯ್ಯನವರು ಗೋಡೆಗೆ ಒರಗಿ ಕೂತಿದ್ದರು, ಎರಡೂ ಕೈ ತೊಡೆಯ ಮೇಲೆ. ವಿಭೂತಿಯನ್ನು ಗುರುಬಸಮ್ಮ ಹಚ್ಚುತ್ತಿದ್ದ ದಿನಗಳು ಅವು; ಅವತ್ತು ಗಡಿಬಿಡಿಯಲ್ಲಿ ಹಣೆ ಇನ್ನೂ ಬೋಳಾಗಿತ್ತು. ಹೊರಗೆ ಮೋಟರ್‌ಸೈಕಲ್ ನಿಂತ ಸದ್ದಾಯಿತು. ರವಿಚಂದ್ರ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಪಿಸ್ತೂಲನ್ನು ಮಣೆಯ ಪಕ್ಕದಲ್ಲಿಟ್ಟರು. ಜೇಬಿನಿಂದ ಒಂದು ಪ್ಯಾಕೆಟ್ಟು ತೆಗೆದು ಗುಂಡುಗಳನ್ನು ಮಣೆಯ ಮೇಲೆ ಸುರಿದರು.

ಗುರುಬಸಮ್ಮ ಒಂದನ್ನು ಎತ್ತಿಕೊಂಡು ಮುಖ ಕಿವಿಚಿದರು. “ಇದೇನಪ್ಪ, ಇವೂ ಜಿಡ್ಡು ಜಿಡ್ಡು! ಓದ್ವರ್ಸ ನಾನು ಸೀಗೇಪುಡೀಲಿ ಉಜ್ಜಿ ಎಂಗ್ ಫಳಫಳ ಅನ್ಸಿದ್ದೆ, ನೆಪ್ಪೈತಾ ಸೋಮಣ್ಣೋರೆ? ಇತ್ತ ತನ್ನಿ ಗೌಡ್ರೆ, ಇವ್ನೂ ಒಂದ್ಗಳಿಗೇಲಿ ತೊಳ್ಕೊಡ್ತೀನಿ.”

ನಾನು ನೆಲ ನೋಡಿದೆ. ಗೌಡರು ಗುರುಬಸಮ್ಮನನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಕಲ್ಲಯ್ಯನವರ ಕಡೆ ತಿರುಗಿದರು. ಕಲ್ಲಯ್ಯನವರು ತೊಡೆಯ ಮೇಲಿದ್ದ ತಮ್ಮ ಕೈಗಳಿಂದ ಕಣ್ಣು ಎತ್ತಲಿಲ್ಲ.

“ಬ್ಯಾಡಿ ಕಣವ್ವ” ಎಂದರು ಗೌಡರು. “ಇವು ಅಂಗಡೀವು. ನೀವು ಕೈ ನೋಯಿಸ್ಕೊಂಡು ತೊಳಿಯೋವಂಥವಲ್ಲ.”

ಗುರುಬಸಮ್ಮ “ಅಂಗಾರೆ ಸರಿ” ಎಂದು ಕಾಫಿಗೆ ನೀರಿಡಲು ಒಳಗೆ ಹೋದರು. ಗೌಡರು ಪೂಜೆಯ ತಟ್ಟೆಯಲ್ಲಿದ್ದ ವಿಭೂತಿ ಗಟ್ಟಿಗೆ ಎರಡು ಹನಿ ನೀರು ಹಾಕಿ ಮೂರು ಬೆರಳಿನಿಂದ ತೇಯ್ದರು. ಕಲ್ಲಯ್ಯನವರ ಮುಂದೆ ಮಂಡಿಯೂರಿ ಕೂತು ಅವರ ಹಣೆಗೆ ಹಚ್ಚಿದರು. ಮೂರು ಗೆರೆಯೂ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಬಂದವು. ಕೈ ಒಂದಿಷ್ಟೂ ನಡುಗಲಿಲ್ಲ.